ಎತ್ತಿಸಿಕೊಳ್ಳದ ಅಕ್ಕೋರು

ಫೋನಿನಲ್ಲಿ ಅಕ್ಕೋರ ತಮ್ಮನ ದನಿ ಬಹಳ ಸಣ್ಣಗಿತ್ತು. “ಅಕ್ಕ ಹೋದಳ್ರೀ ವೈನಿ. ಆಫೀಸಿನ ಮೆಟ್ಟಲದ ಮ್ಯಾಲೆ ಕುರ್ಚಿ ಸಮೇತ ಎತ್ತಿ ಒಯ್ಯಾಕತ್ತಿದ್ರಂತ, ಕೈ ತಪ್ಪಿತಂತ.”

ಸಾವಿನ ಸುದ್ದಿ ಕೇಳಿದವರು ಯಾವಾಗ, ಎಲ್ಲಿ, ಯಾವ ಆಸ್ಪತ್ರೆ ಎಂದೆಲ್ಲ ವಿಚಾರಿಸುತ್ತಾರೆ. ನಾನು ಅದಾವುದನ್ನೂ ಕೇಳಲಿಲ್ಲ. “ಎತ್ತಿ ಒಯ್ಯಾಕತ್ತಿದ್ರ? ಅಕ್ಕೋರನ್ನ? ಅವರು ಹೆಂಗ ಎತ್ತಗೊಟ್ರು?” ಎಂದೆ. ಆತ “ಅದ ನನಗೂ ತಿಳೀವಲ್ದ್ರೀ” ಎಂದ.

ಅಕ್ಕೋರು ಸತ್ತರು ಎನ್ನುವುದನ್ನು ನಂಬಲು ನನಗೆ ಅರ್ಧ ದಿನ ಹಿಡಿಯಿತು. ಎತ್ತಿಸಿಕೊಂಡರು ಎನ್ನುವುದನ್ನು ಇವತ್ತಿಗೂ ಪೂರ್ತಿ ನಂಬಲಾಗಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು. ನಾನು ಅದನ್ನು ನೋಡುತ್ತ ನಿಂತೇ ಇದ್ದೆನಂತೆ. ನಮ್ಮ ಮನೆಯವರು ಬಂದು ಒಲೆ ಆರಿಸಿದರು. ವಿಷಯ ಕೇಳಿ ಅವರೂ ನೆಲದ ಮೇಲೆ ಕೂತರು. “ಎತ್ತಿದವ್ರು ಯಾರು?” ಎಂದು ಅವರೂ ಅದನ್ನೇ ಕೇಳಿದರು.

ನಮ್ಮ ಕಡೆ ಅತ್ತಿಗೆಯನ್ನು ವೈನಿ, ಸಾಲಿ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಧಾರವಾಡದಲ್ಲಿ ಅಂಥ ಅಕ್ಕೋರು ಓಣಿಗೆ ನಾಲ್ಕು ಮಂದಿ ಸಿಕ್ಕಾರು. ಆದರೆ ಸಪ್ತಾಪುರದ ನಮ್ಮ ಓಣಿಯಲ್ಲಿ ಬರೀ ಅಕ್ಕೋರು ಎಂದರೆ ಇವರೊಬ್ಬರೇ. ಕೂಸಿದ್ದಾಗ ಪೋಲಿಯೋ ಬಂದು ಎರಡೂ ಕಾಲು ಸೋತಿದ್ದವು. ಸರಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ಉಳಿದ ಹೊತ್ತಿನಲ್ಲಿ ಗಾಲಿಕುರ್ಚಿಯ ಮೇಲೆ ಕೂತು ಊರಿನ ಅಧಿಕಾರಿಗಳನ್ನೆಲ್ಲ ಎಬ್ಬಿಸಿ ನಿಲ್ಲಿಸುತ್ತಿದ್ದರು. ಒಂದೇ ಕಂಪೌಂಡಿನಲ್ಲಿ ಅವರು ಕೆಳಗಿನ ಮನೆ, ನಾವು ಮಾಳಿಗೆ. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುವ ಧೈರ್ಯ ನಮ್ಮ ಓಣಿಯ ಅತಿ ಬಾಯಿಬಡುಕಿಗೂ ಇರಲಿಲ್ಲ. ಆ ಬಾಯಿಬಡುಕಿ ನಾನೇ ಎಂದು ನಮ್ಮ ಮನೆಯವರು ಹೇಳುತ್ತಾರೆ, ಹೇಳಿಕೊಳ್ಳಲಿ.

ಅವರು ಬಂದ ಹೊಸತರಲ್ಲಿ ನಡೆದದ್ದನ್ನು ಹೇಳಬೇಕು. ಆಗ ಕಂಪೌಂಡಿನ ಗೇಟಿಗೆ ಎತ್ತರದ ಹೊಸ್ತಿಲೊಂದಿತ್ತು. ಅಕ್ಕೋರು ಕುರ್ಚಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಸಣ್ಣ ಹಲಗೆ ತೆಗೆದು ಹೊಸ್ತಿಲಿಗೆ ಒರಗಿಸಿ ದಾಟುವ ತಯಾರಿಯಲ್ಲಿದ್ದರು. ನಮ್ಮ ಮನೆಯವರಿಗೆ ಹುಬ್ಬಳ್ಳಿಯಲ್ಲಿ ಹತ್ತಿಯ ದಲಾಲಿ. ಮೈ ಭಾರಿ, ಮನಸ್ಸು ಮೆದು. ಓಣಿಯಲ್ಲಿ ಯಾರ ಮನೆಯ ಗ್ಯಾಸ್ ಸಿಲಿಂಡರ್ ಬರಲಿ, ಯಾರ ಕಪಾಟು ಬರಲಿ, ಕರೆಯುವ ಮೊದಲೇ ಹೋಗಿ ಎತ್ತುವ ಮನುಷ್ಯ. ಅವತ್ತು ಹಿಂದಿನಿಂದ ಬಂದವರೇ ಕುರ್ಚಿ ಸಮೇತ ಅಕ್ಕೋರನ್ನು ಎತ್ತಿ ಹೊಸ್ತಿಲ ಆಚೆ ಇಟ್ಟು, ಕೈ ಝಾಡಿಸಿ, ನಗುತ್ತ ನಿಂತರು.

“ಅಣ್ಣಾರ, ಭಾಳ ಛಲೋ ಕೆಲಸ ಮಾಡಿದ್ರಿ,” ಎಂದರು ಅಕ್ಕೋರು. “ಈಗ ನನ್ನ ತಿರುಗಿ ಅಲ್ಲೇ ಒಯ್ದು ಇಡ್ರಿ.”

ಇವರು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದರು. ನಾನು ಮಾಳಿಗೆಯ ಮೇಲಿನಿಂದ ಏನು ಹೇಳಲಿ? ಪಾಪ, ತಿರುಗಿ ಎತ್ತಿ ಮೊದಲಿದ್ದಲ್ಲೇ ಇಟ್ಟರು. ಅಕ್ಕೋರು ಹಲಗೆ ಸರಿ ಮಾಡಿ, ಒಂದೇ ಉಸಿರಿಗೆ ಗಾಲಿ ತಿರುವಿ ದಾಟಿ, ಹಲಗೆ ಎತ್ತಿಕೊಂಡು ಕುರ್ಚಿಯ ಹಿಂದೆ ಸಿಕ್ಕಿಸಿ ಹೇಳಿದರು: “ಕೇಳಿ ಮುಟ್ರಿ. ಬ್ಯಾಡ ಅಂದ್ರ ಬಿಡ್ರಿ. ಇಷ್ಟ ನೋಡ್ರಿ, ಬ್ಯಾರೆ ಏನಿಲ್ಲ.”

ಆ ಮಧ್ಯಾಹ್ನ ಇವರು ರೊಟ್ಟಿ ಅರ್ಧಕ್ಕೇ ಬಿಟ್ಟರು. “ಸಹಾಯ ಮಾಡಿದ್ದ ತಪ್ಪಾತಲ್ಲ” ಎಂದು ಗೊಣಗಿದರು. ಆದರೆ ಮರುದಿನ ಬೆಳಿಗ್ಗೆ ಹುಬ್ಬಳ್ಳಿಗೆ ಹೊರಟವರು ಅಕ್ಕೋರ ಬಾಗಿಲ ಮುಂದೆ ನಿಂತು, ಕೈಕಟ್ಟಿ, ಸಾಲಿ ಹುಡುಗರಂತೆ ಕೇಳಿದರು: “ಅಕ್ಕೋರ, ಎತ್ತಲೇನ್ರಿ?” ಒಳಗಿನಿಂದ ಉತ್ತರ ಬಂತು: “ಇವತ್ತ ಬ್ಯಾಡ್ರಿ ಅಣ್ಣಾರ, ನಾಳೆ ನೋಡೂಣು.” ಅಲ್ಲಿಂದ ಮುಂದೆ ಪ್ರತಿ ಬೆಳಿಗ್ಗೆ ಇದೇ ಆಟ. ಇವರು ಕೇಳುವುದು, ಅವರು ನಾಳೆ ಎನ್ನುವುದು. ವರ್ಷಗಟ್ಟಲೆ ನಡೆಯಿತು. ನನಗೆ ಗಡಿಯಾರ ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ; ಕೆಳಗಿನಿಂದ ‘ಎತ್ತಲೇನ್ರಿ’ ಕೇಳಿಸಿದರೆ ನಾನು ಕೆಲಸಕ್ಕಿದ್ದ ಕಾಲೇಜಿಗೆ ಹೊರಡುವ ಹೊತ್ತಾಯಿತೆಂದು ಲೆಕ್ಕ.

ಆ ಹಟದ ಬೇರು ಎಲ್ಲಿದೆ ಎಂದು ಒಮ್ಮೆ ಅವರೇ ಹೇಳಿದರು. ಸಂಜೆ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆವು. ಅವರ ಊರು ಉಪ್ಪಿನಬೆಟಗೇರಿ, ತಂದೆಗೆ ಕಾಳುಕಡಿಯ ವ್ಯಾಪಾರ. ಮಗಳನ್ನು ದಿನಾಲು ಹೆಗಲ ಮೇಲೆ ಹೊತ್ತು ಸಾಲಿಗೆ ಒಯ್ಯುತ್ತಿದ್ದರಂತೆ. “ಊರೆಲ್ಲ ನಮ್ಮಪ್ಪನ್ನ ಹೊಗಳೂದು. ಎಂಥಾ ತಂದಿ, ಎಂಥಾ ತಂದಿ. ಖರೇನ ಅದು. ಒಂದಿನ ಜೋಳದ ಚೀಲ ಎತ್ತಾಕ ಹೋಗಿ ಅಪ್ಪನ ನಡಾ ಹಿಡೀತು. ಅವತ್ತ ನನ್ನ ಸಾಲಿ ಬಂದಾತು. ನಾನು ಜಾಣಿ, ವರ್ಗಕ್ಕ ಮೊದಲನೇದಾಕಿ. ಆದ್ರ ಅಪ್ಪನ ನಡಾ ನೆಟ್ಟಗಿದ್ರ ಅಷ್ಟ ನಾನು ಜಾಣಿ. ವೈನಿ, ಆ ವರ್ಷ ಕಟ್ಟಿ ಮ್ಯಾಲೆ ಕೂತು ಸಾಲಿಗೆ ಹೋಗೋ ಹುಡುಗ್ರ ಕಾಲ ನೋಡಿದೆ. ಎತ್ತವ್ರು ಇದ್ರ ನಾನು ಮನಷ್ಯಾಳು, ಇಲ್ಲಂದ್ರ ಸಾಮಾನು. ಇದು ಆಗೂದಲ್ಲ ಅಂತ ಅವತ್ತ ಖಾತ್ರಿ ಆತು.” ಮತ್ತೆ ಶೇಂಗಾ ಸುಲಿಯತೊಡಗಿದರು. ನನ್ನ ಕೈ ನಿಂತುಹೋಗಿತ್ತು. “ಸುಲೀರಿ, ಪೂರಾ ನಾನ ಸುಲದ್ರ ಹೆಂಗ” ಎಂದು ರೇಗಿಸಿದರು.

ಸನ್ಮಾನವೆಂದರೆ ನಮ್ಮ ಊರಿಗೆ ಹುಚ್ಚು. ಶಾಲು, ಹಾರ, ಹಣ್ಣಿನ ಬುಟ್ಟಿ, ಮೇಲೆ ‘ಸಾಧಕಿ’ ಎಂಬ ಬಿರುದು. ಅಕ್ಕೋರನ್ನು ಕರೆಯಲು ಬಂದವರಿಗೆ ಅವರು ಒಂದೇ ಶರತ್ತು ಹಾಕುತ್ತಿದ್ದರು: “ಶಾಲು ಬ್ಯಾಡ್ರಿ, ಮನ್ಯಾಗ ಇಡಾಕ ಜಾಗಾ ಇಲ್ಲ. ಸಿಮೆಂಟ್ ಚೀಲಾ ಕೊಡ್ರಿ.” ಬಂದವರು ಚೇಷ್ಟೆ ಎಂದುಕೊಳ್ಳುತ್ತಿದ್ದರು. ಚೇಷ್ಟೆಯಲ್ಲ. ಆ ಸಿಮೆಂಟಿನಿಂದ ರೇಶನ್ ಅಂಗಡಿಗೆ, ಅಂಗನವಾಡಿಗೆ, ಅಂಚೆ ಕಚೇರಿಗೆ, ಒಂದು ಗಿರಣಿಗೆ ಇಳಿಜಾರು ಕಟ್ಟಿಸಿದರು. ಕಟ್ಟುವವನು ಮಾಬುಸಾಬ ಎಂಬ ಗೌಂಡಿ. ಅಕ್ಕೋರು ಪಕ್ಕದಲ್ಲಿ ಕುರ್ಚಿ ನಿಲ್ಲಿಸಿಕೊಂಡು ಲೆಕ್ಕ ಹೇಳುವುದು: ಒಂದು ಫೂಟು ಏರಬೇಕಾದರೆ ಹನ್ನೆರಡು ಫೂಟು ಉದ್ದ. ಮಾಬುಸಾಬ ಜಾಗ ಸಾಲದೆಂದು ಸ್ವಲ್ಪ ಕಡಿದಾಗಿ ಮಾಡಿದರೆ ಮುಗಿಯಿತು, ಕುರ್ಚಿ ಹತ್ತಿಸಿ ನೋಡಿ, “ಇದು ಇಳಿಜಾರಲ್ಲ, ಜಾರಬಂಡಿ. ಒಡೀರಿ” ಎನ್ನುತ್ತಿದ್ದರು. ಆತ ಒಡೆದು ಮತ್ತೆ ಕಟ್ಟುತ್ತಿದ್ದ. ಬೈದುಕೊಂಡೇ ಕಟ್ಟುತ್ತಿದ್ದ.

ನನ್ನ ಮಗಳ ಮದುವೆ ಗೋಪನಕೊಪ್ಪದ ಒಂದು ಕಲ್ಯಾಣಮಂಟಪದಲ್ಲಿ. ಮುಂದೆ ದೊಡ್ಡ ಮೆಟ್ಟಿಲ ಸಾಲು. ಬುಕ್ ಮಾಡುವಾಗ ನನಗದು ಹೊಳೆದಿರಲಿಲ್ಲ. ಅಕ್ಕೋರು ಬಂದರು, ಮೆಟ್ಟಿಲು ನೋಡಿದರು, ಕೆಳಗೆ ಹಂದರದ ನೆರಳಲ್ಲಿ ಕುರ್ಚಿಯ ಬ್ರೇಕ್ ಹಾಕಿ ಕೂತರು. ಬೀಗರ ಕಡೆಯ ಗಂಡಸರು ನಾಲ್ಕೈದು ಮಂದಿ ತೋಳು ಏರಿಸಿಕೊಂಡು ಬಂದರು. “ಕೂಡ್ರಿ, ಕೂಡ್ರಿ, ನನಗ ಇಲ್ಲೇ ಗಾಳಿ ಛಲೋ ಐತಿ” ಎಂದು ಅವರನ್ನು ಕಳಿಸಿದರು. ಅಕ್ಷತೆಯ ಅಕ್ಕಿಕಾಳು ಬಿದ್ದ ಮೇಲೆ ಮದುಮಕ್ಕಳೇ ಮೆಟ್ಟಿಲಿಳಿದು ಬಂದರು. ಫೋಟೋದವನೂ ಇಳಿದ, ವಾಲಗದವರೂ ಇಳಿದರು. ಕೊನೆಗೆ ಅರ್ಧ ಮದುವೆ ಕೆಳಗೇ ಆಯಿತು. ಮಂಟಪದ ಮಾಲೀಕ ಉರಿದುಕೊಂಡ. ಆದರೆ ಮುಂದಿನ ಹಂಗಾಮಿಗೆ ಮುನ್ನ ಪಕ್ಕದಲ್ಲಿ ಇಳಿಜಾರು ಕಟ್ಟಿಸಿದ. ಆಮೇಲೊಮ್ಮೆ ನಾವು ಹೋದಾಗ ಅದರ ಮೇಲೆ ಅಡುಗೆಯವರು ಅನ್ನದ ಹಂಡೆಗಳನ್ನು ಗಾಲಿಯ ಮೇಲೆ ದೂಡಿಕೊಂಡು ಹೋಗುತ್ತಿದ್ದರು. “ನೋಡ್ರಿ ವೈನಿ,” ಎಂದು ನಕ್ಕರು, “ಮೊದಲ ಅನ್ನ ಹತ್ತಿತು. ಎಲ್ಲಾರೂ ಒಂದಿನ ಈ ಹಾದೀಗೆ ಬರಬೇಕು.”

ಸರಕಾರಿ ಕಚೇರಿಗಳಲ್ಲಿಯೂ ಅವರ ಪದ್ಧತಿ ಇದೇ. ಮೆಟ್ಟಿಲ ಬುಡದಲ್ಲಿ ಬ್ರೇಕ್ ಹಾಕಿ ಕೂಡುವುದು, ಮೇಲೆ ಚೀಟಿ ಕಳಿಸುವುದು: ಕಾಯ್ದೆ ಪ್ರಕಾರ ನಾನು ಬರುವ ಹಾಗೆ ನಿಮ್ಮ ಕಚೇರಿ ಇರಬೇಕು, ಇಲ್ಲ, ಆದ್ದರಿಂದ ನೀವು ಬನ್ನಿ. ಮೊದಲು ಜವಾನ ಬರುತ್ತಿದ್ದ, ಆಮೇಲೆ ಗುಮಾಸ್ತ, ಸಂಜೆಯ ಹೊತ್ತಿಗೆ ಸಾಹೇಬರು. ಕಂಬದ ಪಕ್ಕ, ಸೈಕಲ್ ಸ್ಟ್ಯಾಂಡಿನ ನೆರಳಲ್ಲಿ, ನಿಂತುಕೊಂಡು ಸಹಿ ಹಾಕಿದ ಅಧಿಕಾರಿಗಳು ಎಷ್ಟೋ. ಎಷ್ಟು ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಹೀಗೆ ಕೆಲಸ ಆಗಿದೆಯೋ ನಾನು ಲೆಕ್ಕ ಇಟ್ಟಿಲ್ಲ. ಈ ಶಬ್ದಗಳನ್ನು ನಾನು ಬಳಸಿದರೆ ಅಕ್ಕೋರು ಹುಬ್ಬು ಏರಿಸುತ್ತಿದ್ದರು, ಅದನ್ನೂ ಬರೆದುಬಿಡುತ್ತೇನೆ.

ಇಂಥ ಮನುಷ್ಯರನ್ನು ಎತ್ತಿದರಂತೆ.

ನಾವು ಬಾಡಿಗೆ ಕಾರಿನಲ್ಲಿ ಉಪ್ಪಿನಬೆಟಗೇರಿ ಮುಟ್ಟುವ ಹೊತ್ತಿಗೆ ಹುಬ್ಬಳ್ಳಿಯ ಆಸ್ಪತ್ರೆಯಿಂದ ಹೆಣ ಬಂದಾಗಿತ್ತು. ಆ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಪಡಸಾಲೆಯಲ್ಲಿ ಅಕ್ಕೋರು ಕೂತಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ. ನಾನು ಎಷ್ಟೋ ವರ್ಷ ನೋಡಿದ್ದ ಭಂಗಿ ಅದೇ. ತಲೆಗೆ ಸುತ್ತಿದ್ದ ಆಸ್ಪತ್ರೆಯ ಪಟ್ಟಿ ಇಲ್ಲದಿದ್ದರೆ, “ಬರ್ರಿ ವೈನಿ, ಚಹಾ ಇಡ್ತೇನಿ” ಎಂದಾರು ಅನ್ನಿಸಿತು. ನನಗೆ ಅಳು ಬರಲಿಲ್ಲ. ಇದೇನು, ಇದೇನು ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

ಗೋಡೆಗೆ ಒರಗಿ ರೇಣುಕಾ ನಿಂತಿದ್ದಳು. ಹುಟ್ಟಿನಿಂದ ಕಣ್ಣು ಕಾಣದ ಹುಡುಗಿ. ಶಿಕ್ಷಕಿಯ ಪರೀಕ್ಷೆ ಪಾಸಾಗಿ ಆಯ್ಕೆಯಾಗಿದ್ದಳು. ಕಣ್ಣಿಲ್ಲದವಳು ವರ್ಗ ಹೇಗೆ ನಡೆಸುತ್ತಾಳೆಂದು ಕಚೇರಿಯವರು ನೇಮಕಾತಿ ತಡೆದಿದ್ದರು. ಅವಳ ಪರವಾಗಿ ಮಾತಾಡಲು ಅಕ್ಕೋರು ಹೋಗಿದ್ದರು. ಅವತ್ತು ನಡೆದದ್ದನ್ನು ಅವಳೇ ಹೇಳಿದಳು.

“ವಿಚಾರಣಿ ಮ್ಯಾಲಿನ ಮಜಲಿನ್ಯಾಗ ಇತ್ರಿ. ಲಿಫ್ಟ್ ಕೆಟ್ಟಿತ್ತು. ಅಕ್ಕೋರು ಯಾವತ್ತಿನಂಗ ಕೆಳಗ ಕೂತು ಚೀಟಿ ಕಳಿಸಿದ್ರು. ಸಾಹೇಬ್ರು ಇಳಿಯೂದಿಲ್ಲ ಅಂದ್ರು. ನನ್ನ ಹೆಸರ ಎರಡು ಸಲ ಕರದ್ರು. ಇನ್ನೊಂದ ಸಲ ಕರೀತೇವಿ, ಬರಲಿಲ್ಲಂದ್ರ ಗೈರು ಅಂತ ಬರದು ಮುಗಸ್ತೇವಿ ಅಂತ ಗುಮಾಸ್ತ ಬಂದು ಹೇಳಿದ. ನಾನೊಬ್ಬಾಕಿನ ಹೋಗ್ತೇನಿ ಅಂದೆ. ಹಿಂದಿನ ಸಲ ಒಬ್ಬಾಕಿನ ಹೋದಾಗ ನನ್ನ ಕೂಡ ಮಾತ ಆಡಿದ್ದಿಲ್ಲ ಅವರು, ನಿಮ್ಮಪ್ಪನ್ನ ಕರಕೊಂಡ ಬಾ ಅಂದಿದ್ರು. ಅದು ಅಕ್ಕೋರಿಗೆ ಗೊತ್ತಿತ್ತು.”

ಅವಳು ದುಪಟ್ಟಾದ ಚುಂಗು ಹಿಂಡುತ್ತಿದ್ದಳು.

“ಆಮ್ಯಾಲೆ ಬ್ರೇಕ್ ತಗದ ಸಪ್ಪಳ ಕೇಳಿಸ್ತು. ‘ನನ್ನ ಹಟಕ್ಕ ನಿನ್ನ ನೌಕರಿ ಯಾಕ ಹೋಗಬೇಕು’ ಅಂದ್ರು. ‘ಯಾರರ ಇದ್ರ ಕರೀರಿ. ಎತ್ರಿ ನನ್ನ’ ಅಂದ್ರು. ನಾನು ಬ್ಯಾಡ್ರಿ ಅಕ್ಕೋರ, ಬ್ಯಾಡ್ರಿ ಅಂತ ಭಾಳ ಅಂದೆ.”

ಎತ್ತುವವರಿಗೆ ಅಕ್ಕೋರು ಎಲ್ಲ ಹೇಳಿಕೊಟ್ಟಿದ್ದರಂತೆ: ಕೆಳಗಿನ ಕಂಬಿ ಹಿಡಿಯಿರಿ, ಕುರ್ಚಿಯ ತೋಳು ಹಿಡಿಯಬೇಡಿ, ಅದು ಬಿಚ್ಚಿ ಬರುವಂಥದ್ದು. ಮೂವರು ಹಾಗೇ ಹಿಡಿದಿದ್ದರು. ಮೆಟ್ಟಿಲು ತಿರುಗುವಲ್ಲಿ ಎತ್ತಿದವರು ಏದುಸಿರು ಬಿಡುವುದನ್ನು ಕಂಡು ಮೇಲಿನಿಂದ ಒಬ್ಬ ಜವಾನ ಓಡಿ ಬಂದ. ಅವನು ಏನನ್ನೂ ಕೇಳಿಸಿಕೊಂಡಿರಲಿಲ್ಲ. ಒಳ್ಳೆಯ ಮನಸ್ಸಿನಿಂದ, ಯಾರನ್ನೂ ಕೇಳದೆ, ಕೈಗೆ ಸಿಕ್ಕ ತೋಳನ್ನು ಹಿಡಿದು ಎಳೆದ.

“ಸಪ್ಪಳ ಕೇಳಿ ಸಾಹೇಬ್ರು ಕೆಳಗ ಇಳದ ಬಂದ್ರು,” ಎಂದಳು ರೇಣುಕಾ.

ನಾನು ಬೆಂಕಿಯಾದೆ. ಇಳಿದು ಬಂದರಂತೆ! ಮೊದಲೇ ಇಳಿದಿದ್ದರೆ ಅವರ ಯಾವ ಗಂಟು ಹೋಗುತ್ತಿತ್ತು? ಇನ್ನೊಂದು ವಿಷಯ ಆಮೇಲೆ ಗೊತ್ತಾದದ್ದು, ಇಲ್ಲೇ ಹೇಳಿಬಿಡುತ್ತೇನೆ. ಮುಂದಿನ ವಾರವೇ ರೇಣುಕಾಗೆ ಆದೇಶ ಬಂತು. ಯಾವ ವಿಚಾರಣೆಯೂ ಇಲ್ಲ, ಯಾರ ಮಾತೂ ಬೇಕಾಗಲಿಲ್ಲ. ಈಗ ಅವಳು ಮಕ್ಕಳಿಗೆ ಕಲಿಸುತ್ತಿದ್ದಾಳೆ, ಚೆನ್ನಾಗಿ ಕಲಿಸುತ್ತಿದ್ದಾಳೆ. ಕೂತಲ್ಲಿಂದ ಒಂದು ಸಹಿ ಹಾಕಲು ಬರುತ್ತಿತ್ತು ಎಂದಾದರೆ ಆ ದಿನ ಆ ಮೆಟ್ಟಿಲು ಯಾಕೆ ಬೇಕಾಗಿತ್ತು ಎಂದು ನಾನು ಯಾರನ್ನು ಕೇಳಲಿ?

ಬಾಗಿಲ ಹೊರಗೆ ಆ ಜವಾನನೂ ಬಂದು ನಿಂತಿದ್ದ. ಪತ್ರಿಕೆಯಲ್ಲಿ ಏನನ್ನೋ ಸುತ್ತಿಕೊಂಡಿದ್ದ. ಅಕ್ಕೋರ ತಮ್ಮ ಹತ್ತಿರ ಹೋದಾಗ ಅದನ್ನು ಎರಡೂ ಕೈಯಿಂದ ಮುಂದೆ ಹಿಡಿದ. ಕುರ್ಚಿಯ ತೋಳು. “ನನ್ನ ಕೈಯಾಗ ಬಂತ್ರಿ ಇದು,” ಎಂದ. ಬೈಯಬೇಕೆಂದು ಬಾಯಿ ತೆರೆದವಳು ನಾನು, ಅವನ ಮುಖ ನೋಡಿ ಮುಚ್ಚಿಕೊಂಡೆ. ತಮ್ಮ ಅದನ್ನು ತೆಗೆದುಕೊಂಡು, “ಒಳಗ ಬಾ, ನೀರ ಕುಡಿ” ಎಂದ.

ಅಷ್ಟರಲ್ಲಿ ಬಿದಿರಿನ ವಿಮಾನ ತಯಾರಾಗಿತ್ತು. ಕೂಡಿಸಿದ ದೇಹವನ್ನು ಅದರಲ್ಲಿಟ್ಟು ನಾಲ್ಕು ಮಂದಿ ಹೆಗಲ ಮೇಲೆ ಹೊಲಕ್ಕೆ ಒಯ್ಯುವುದು ಪದ್ಧತಿ. ಹಿರಿಯರು ಹೆಗಲಿಗೆ ಟವೆಲು ಹಾಕಿಕೊಂಡು ಮುಂದೆ ಬಂದರು. ತಮ್ಮ ಅಡ್ಡ ನಿಂತ.

“ಹೆಗಲ ಬ್ಯಾಡ್ರಿ ಕಾಕಾ. ಅಕ್ಕ ಗಾಲೀ ಮ್ಯಾಲ ಹೋಗ್ತಾಳ.”

“ಏನ್ ಮಾತ ಆಡ್ತೀ? ಹೆಗಲ ಕೊಡದ ಕಳಸ್ತಾರೇನು? ಮಂದಿ ಏನಂದಾರು?”

“ಎತ್ತಿದ್ದಕ್ಕ ಸತ್ತಾಳ್ರಿ ಆಕಿ,” ಎಂದ ಅವನು. ಹಿರಿಯರು ಹೆಗಲ ಟವೆಲು ತೆಗೆದರು.

ಅವರ ಹಳೆಯ ಗಾಲಿಕುರ್ಚಿಯೊಂದು ಅಟ್ಟದ ಮೇಲಿತ್ತು. ಅದರಲ್ಲೇ ಕೂಡಿಸಿ, ಹೂವು ಕಟ್ಟಿ ಹೊರಟರು. ಡಾಂಬರು ಮುಗಿದಲ್ಲಿ ಎರೆಹೊಲ ಶುರು. ಗಾಲಿ ಬಿರುಕಿನಲ್ಲಿ ಸಿಕ್ಕಿಕೊಂಡಿತು. ಆಗ ಹಿಂದಿನಿಂದ ಒಂದು ಟಂಟಂ ಗಾಡಿ ಬಂದು ನಿಂತಿತು. ಅದರಲ್ಲಿ ಕೆಲಸದಿಂದ ನೆಟ್ಟಗೆ ಬಂದ ಮಾಬುಸಾಬ, ಸ್ಲ್ಯಾಬ್ ಹಾಕುವ ಹಲಗೆಗಳ ರಾಶಿ. ಅವನು ಇಳಿದವನೇ ಕುರ್ಚಿಯ ಮುಂದೆ ಹಲಗೆ ಹಾಸಿದ. ಕುರ್ಚಿ ಮುಂದೆ ಹೋದ ಮೇಲೆ ಹಿಂದಿನ ಹಲಗೆ ತೆಗೆದು ಮತ್ತೆ ಮುಂದೆ ಹಾಸಬೇಕು. ಮೊದಲು ನಮ್ಮ ಮನೆಯವರು ಕೈಹಚ್ಚಿದರು, ಆಮೇಲೆ ಆ ಜವಾನ, ಆಮೇಲೆ ಮುಖ ಊದಿಸಿಕೊಂಡಿದ್ದ ಹಿರಿಯರು. ಹೆಗಲು ಕೊಡಲು ಬಂದವರೆಲ್ಲ ಹಲಗೆ ಹೊತ್ತರು. ಬಹಳ ಹೊತ್ತು ಹಿಡಿಯಿತು. ಭಜನೆಯವರು ಹಾಡುಗಳನ್ನು ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು.

ಮಣ್ಣು ಮಾಡುವ ಗುಣಿಯ ಹತ್ತಿರ ಬಂದಾಗ ನಾನು ಒಳಗೆ ಇಣುಕಿದೆ. ಇಣುಕಬಾರದಿತ್ತು. ಒಳಗಿಳಿಯಲು ಮಣ್ಣಿನಲ್ಲಿ ಮೂರು ಮೆಟ್ಟಿಲು ಕಡಿದಿದ್ದರು. ಅಚ್ಚುಕಟ್ಟಾಗಿ, ಅಂಚು ಕೆತ್ತಿ ಕಡಿದಿದ್ದರು. ಅದೂ ಪದ್ಧತಿಯೇ, ತಲತಲಾಂತರದಿಂದ ಹಾಗೇ ತೋಡುತ್ತಾರೆ. ನನಗೆ ತಡೆಯಲಾಗಲಿಲ್ಲ.

“ಇಲ್ಲೂ ಮೆಟ್ಟಲೇನ್ರಿ? ಇಲ್ಲಿ ಕೂಡ ಬಿಡೂದಿಲ್ಲೇನ್ರಿ ನೀವು?” ಎಂದೆ. ದೊಡ್ಡದಾಗಿಯೇ ಎಂದೆ. ಭಜನೆ ನಿಂತಿತು. ಹೆಂಗಸರು ನನ್ನ ಸೆರಗು ಜಗ್ಗಿದರು.

ಕ್ರಿಯೆ ಮಾಡಿಸುವ ಅಯ್ಯನವರು ವಯಸ್ಸಾದವರು, ಕೋಲೂರಿ ನಿಂತಿದ್ದರು. ಎಲ್ಲರೂ ಅವರ ಮುಖ ನೋಡಿದರು. ಅವರು ಗುಣಿಯನ್ನು ನೋಡಿದರು, ಕುರ್ಚಿಯನ್ನು ನೋಡಿದರು, ತಮ್ಮ ಮೊಣಕಾಲು ತಿಕ್ಕಿಕೊಂಡರು.

“ಒಳಗ ಇಳಿಯೂದು ನನಗೂ ಐತಿ,” ಎಂದರು. “ಈ ಕಾಲೀಲೆ ಮೆಟ್ಟಲ ಇಳಿಯಾಕ ಆಗೂದಿಲ್ಲ. ಹೊಡೀರಿ ಅವನ್ನ.”

ಮಾಬುಸಾಬ ಗುದ್ದಲಿ ಹಿಡಿದು ಒಳಗಿಳಿದ. ಮೆಟ್ಟಿಲು ಉದುರಿ ಇಳಿಜಾರಾಯಿತು. ಸಲಿಕೆಯಿಂದ ತಟ್ಟಿ, ಕೈಯಿಂದ ಸವರಿ, ಮೇಲೆ ಬಂದು ನಿಂತು ನೋಡಿದ. “ಜಾಗಾ ಸಾಲಲಿಲ್ರಿ,” ಎಂದ, “ಅಕ್ಕೋರು ಇದನ್ನ ಪಾಸ್ ಮಾಡ್ತಿರಲಿಲ್ಲ.” ಮುಖಕ್ಕೆ ಟವೆಲು ಒತ್ತಿಕೊಂಡು ಆಚೆ ಹೋದ.

ಕುರ್ಚಿಯನ್ನು ಹಿಡಿದುಹಿಡಿದು ಇಳಿಸಿದರು. ಅಯ್ಯನವರೂ ಕೋಲೂರುತ್ತ ಅದೇ ಇಳಿಜಾರಿನಲ್ಲಿ ಇಳಿದರು. ಇನ್ನು ಕುರ್ಚಿಯಿಂದ ತೆಗೆದು ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂಡಿಸಬೇಕು. ಇದಕ್ಕೆ ಹಲಗೆಯಿಲ್ಲ, ಗಾಲಿಯಿಲ್ಲ, ಕೈಗಳೇ ಬೇಕು. ನಾಲ್ಕಾರು ಕೈ ಮುಂದೆ ಬಂದವು, ಯಾರೂ ಏನೂ ಹೇಳದೆಯೇ ಹಿಂದೆ ಸರಿದವು. ಮೇಲೆ ನಿಂತಿದ್ದ ಜವಾನ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದ.

ನಮ್ಮ ಮನೆಯವರು ಇಳಿದು ಕುರ್ಚಿಯ ಮುಂದೆ ನಿಂತರು. ಪ್ರತಿ ಬೆಳಿಗ್ಗೆ ನಿಲ್ಲುತ್ತಿದ್ದ ಹಾಗೆ ಕೈಕಟ್ಟಿಕೊಂಡರು.

“ಅಕ್ಕೋರ,” ಎಂದರು, “ಎತ್ತಲೇನ್ರಿ?”

ಕೇಳಿ ಸುಮ್ಮನೆ ನಿಂತರು. ನಾನು ದೆವ್ವ ಭೂತ ನಂಬುವವಳಲ್ಲ. ಆದರೂ ಕಿವಿಗೊಟ್ಟು ನಿಂತಿದ್ದೆ. ಇವತ್ತ ಬ್ಯಾಡ್ರಿ ಅನ್ನಲಿ, ಒಂದೇ ಒಂದು ಸಲ ಅನ್ನಲಿ.

ಎಷ್ಟೋ ಹೊತ್ತಿನ ಮೇಲೆ ಇವರು ತಲೆಯೆತ್ತಿ ನನ್ನನ್ನು ನೋಡಿದರು.

“ಬ್ಯಾಡ ಅನ್ನವಲ್ರಲ್ಲ,” ಎಂದರು.